ಹೊರಡದೆ ಹೊರಟ ಗಾಡಿ

ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಮೆಡಿಕಲ್ ಶಾಪ್ ಇದೆ. ಅಲ್ಲಿಗೆ ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆ ಬರುವ ಒಬ್ಬ ಹೆಂಗಸು ಮಾತ್ರೆ ತೆಗೆದುಕೊಂಡು, ಚೀಲದ ಬಾಯಿ ಮಡಿಸುತ್ತಾ, ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: ಆವತ್ತು ನಮ್ಮ ಮನೆಗೆ ಅಂತ ಹೊರಟ ಗಾಡಿ ಎಲ್ಲಿ ನಿಂತಿತು ಅಂತ ಗೊತ್ತಾಯಿತಾ? ಅಂಗಡಿಯವರು ಇಲ್ಲ ಅನ್ನುತ್ತಿದ್ದರು. ಅದು ಪೂರ್ತಿ ಸುಳ್ಳಲ್ಲ, ಆವತ್ತು ಏನಾಯಿತು ಅಂತ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನಗೆ. ಹನ್ನೊಂದು ತಿಂಗಳು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ನನ್ನ ಬಾಯಿ ಎಂಥದ್ದು ಅಂತ ಕಡೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಬಸ್ಸಿನ ಕಂಡಕ್ಟರಿಂದ ಹಿಡಿದು ತಾಲ್ಲೂಕು ಆಫೀಸಿನ ಗುಮಾಸ್ತರವರೆಗೆ ನನ್ನಿಂದ ಬೈಸಿಕೊಳ್ಳದವರು ಕಡಿಮೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ನಮ್ಮಪ್ಪ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹತ್ತು ಮೆಷಿನ್ನು, ಹತ್ತು ಸ್ಟೂಲು, ಮಧ್ಯೆ ಬೆತ್ತ ಹಿಡಿದುಕೊಂಡು ನಾನು. ಟೈಪ್‌ರೈಟರಿನ ಕಾಲ ಮುಗಿದಾಗ ಕಂಪ್ಯೂಟರ್ ತಂದೆ. ಕಲಿಯುವವರು ಕಡಿಮೆಯಾದಾಗ ನಾನೇ ಕಲಿತೆ. ಪುಸ್ತಕ ನೋಡಿಕೊಂಡು, ತಪ್ಪು ಮಾಡಿ, ನನ್ನನ್ನು ನಾನೇ ಬೈದುಕೊಂಡು ಪ್ರೋಗ್ರಾಂ ಬರೆಯುವುದು ರೂಢಿಯಾಯಿತು. ಕಲ್ಯಾಣ ಮಂಟಪದ ಬುಕಿಂಗು, ಶಾಲೆಯ ಹಾಜರಿ, ಸಖರಾಯಪಟ್ಟಣದ ಒಬ್ಬರ ತೆಂಗಿನ ಸಸಿಯ ಆರ್ಡರು, ಎಲ್ಲಕ್ಕೂ ವೆಬ್ ಪೇಜು ಮಾಡಿಕೊಟ್ಟೆ. ಐವತ್ತು ದಾಟಿದ ಮೇಲೆ ಊರಿನವರು ನನ್ನನ್ನು ಸಾಫ್ಟ್‌ವೇರ್ ಮೇಡಂ ಅಂತ ಕರೆಯತೊಡಗಿದರು. ನನಗೆ ಬಹಳ ಜಂಬ ಬಂತು. ಇದನ್ನು ಮುಚ್ಚಿಡುವುದಿಲ್ಲ, ಯಾಕೆಂದರೆ ಮುಂದಿನದ್ದಕ್ಕೆಲ್ಲ ಅದೇ ಬೇರು.

ನಮ್ಮ ಕಡೆ ಒಂದು ನೇತ್ರದಾನದ ಟ್ರಸ್ಟು ಇದೆ. ಸಣ್ಣದು, ನಾಲ್ಕು ಜನ ಸೇರಿ ಮಾಡಿಕೊಂಡದ್ದು. ಕಡೂರು, ತರೀಕೆರೆ, ಅಜ್ಜಂಪುರ, ಮೂರು ಊರಿಗೂ ಸೇರಿ ಒಂದೇ ಗಾಡಿ. ಅದು ಕಡೂರಿನಲ್ಲಿ ನಿಂತಿರುತ್ತದೆ. ಗಾಡಿಯಲ್ಲಿ ಒಬ್ಬ ಡ್ರೈವರು, ಕಣ್ಣು ತೆಗೆಯಲು ತರಬೇತಿ ಪಡೆದ ಒಬ್ಬ ನರ್ಸು. ಸತ್ತವರ ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು, ಆಮೇಲೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ತರೀಕೆರೆಯಲ್ಲಿ ಕರೆ ತೆಗೆದುಕೊಳ್ಳುವವರು ಆ ಮೆಡಿಕಲ್ ಶಾಪಿನವರು. ಅಜ್ಜಂಪುರದಲ್ಲಿ ರಿಟೈರಾದ ಒಬ್ಬ ಹೆಡ್‌ಮೇಷ್ಟ್ರು. ಮೊದಲು ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಮೂರೂ ಕಡೆಯಿಂದ ಡ್ರೈವರಿಗೆ ಫೋನು. ಒಂದು ದಿನ ಒಂದೇ ಹೊತ್ತಿಗೆ ಎರಡು ಊರಿಗೆ ಗಾಡಿ ಕೊಟ್ಟು ರಂಪವಾಯಿತು. ಆಗ ಟ್ರಸ್ಟಿನ ಕಾರ್ಯದರ್ಶಿ ನನ್ನ ಹತ್ತಿರ ಬಂದರು. ನಾನು ಬಿಟ್ಟಿಯಾಗಿ ಮಾಡಿಕೊಡುತ್ತೇನೆ ಅಂದೆ, ಒಂದು ಷರತ್ತು ಮಾತ್ರ ಹಾಕಿದೆ. ಇನ್ನು ಮೇಲೆ ಯಾರೂ ಡ್ರೈವರಿಗೆ ಫೋನ್ ಮಾಡಕೂಡದು. ಗಾಡಿ ಬೇಕಾದರೆ ನನ್ನ ಪೇಜಿನಲ್ಲಿ ಕೇಳಬೇಕು, ಡ್ರೈವರ ಮೊಬೈಲಿಗೆ ಅಲ್ಲಿಂದಲೇ ಹೋಗುತ್ತದೆ. ಎಲ್ಲರೂ ಒಪ್ಪಿದರು. ನನಗೆ ಹೆದರಿ ಒಪ್ಪಿದರು ಅಂತಲೂ ಹೇಳಬಹುದು.

ಈಗ ಸ್ವಲ್ಪ ಕೆಲಸದ ಮಾತು ಹೇಳಬೇಕು. ಡೇಟಾಬೇಸಿನಲ್ಲಿ ಟ್ರಾನ್ಸಾಕ್ಷನ್ ಅಂತ ಒಂದು ಏರ್ಪಾಡಿದೆ. ದುಡ್ಡಿನ ವಿಷಯವಲ್ಲ. ಒಂದು ಕೆಲಸಕ್ಕೆ ನಾಲ್ಕು ಹೆಜ್ಜೆ ಇದ್ದರೆ ನಾಲ್ಕೂ ಆಗಬೇಕು, ಇಲ್ಲವಾದರೆ ಒಂದೂ ಆಗಿರಬಾರದು, ಅಷ್ಟೇ. ನಮ್ಮ ಮದುವೆಯ ಹಾಗೆ. ಚಪ್ಪರ ಹಾಕಿ, ಅರಿಶಿನ ಹಚ್ಚಿ, ಮಣೆಯ ಮೇಲೆ ಕೂರಿಸಿದರೂ ತಾಳಿಯ ಗಂಟು ಬೀಳುವ ತನಕ ಮದುವೆ ಆಗಿಲ್ಲ. ಆ ಗಂಟಿಗೆ ನಮ್ಮ ಕಂಪ್ಯೂಟರಿನವರು ಕಮಿಟ್ ಅನ್ನುತ್ತಾರೆ. ನಡುವೆ ಏನಾದರೂ ಕೆಟ್ಟರೆ ರೋಲ್‌ಬ್ಯಾಕ್. ಗಂಡು ಗಂಡಿನ ಮನೆಗೆ, ಹೆಣ್ಣು ಹೆಣ್ಣಿನ ಮನೆಗೆ, ಏನೂ ನಡೆದೇ ಇರಲಿಲ್ಲ ಅನ್ನುವ ಹಾಗೆ. ಡೇಟಾಬೇಸು ಇದನ್ನು ಬಲು ಚೊಕ್ಕಟವಾಗಿ ಮಾಡುತ್ತದೆ, ಒಂದು ಅಕ್ಷರ ಉಳಿಸುವುದಿಲ್ಲ. ಆದರೆ ಚಪ್ಪರದಲ್ಲಿ ಆಗಲೇ ಊಟ ಮಾಡಿ ಹೋದವರ ಹೊಟ್ಟೆಯಿಂದ ಊಟ ವಾಪಸ್ ಬರುವುದಿಲ್ಲ. ಅದು ಡೇಟಾಬೇಸಿಗೆ ಸಂಬಂಧಪಟ್ಟದ್ದಲ್ಲ.

ನಾನು ಎರಡು ತಪ್ಪು ಮಾಡಿದ್ದೆ. ಎರಡೂ ಬುದ್ಧಿವಂತಿಕೆ ಅಂದುಕೊಂಡೇ ಮಾಡಿದ್ದು.

ಒಂದೇ ಗಾಡಿಯನ್ನು ಇಬ್ಬರಿಗೆ ಕೊಡಬಾರದಲ್ಲ, ಅದಕ್ಕೆ ಯಾರಾದರೂ, ಯಾವ ದಿನಕ್ಕೇ ಆಗಲಿ, ಗಾಡಿಯ ಫಾರ್ಮು ತೆರೆದ ಕ್ಷಣದಲ್ಲೇ ಟ್ರಾನ್ಸಾಕ್ಷನ್ ಶುರು ಮಾಡಿ ಗಾಡಿಯ ದಾಖಲೆಗೆ ಬೀಗ ಹಾಕಿಬಿಟ್ಟೆ. ಅವರು ಕೊನೆಯಲ್ಲಿ ‘ಒಪ್ಪಿಗೆ’ ಒತ್ತಿದಾಗ ಕಮಿಟ್, ಬೀಗ ತೆರೆಯುತ್ತದೆ. ಅಲ್ಲಿಯವರೆಗೆ ಬೇರೆಯವರು ಕಾಯಬೇಕು. ಒಂದು ಫಾರ್ಮು ತುಂಬಲು ಎರಡು ನಿಮಿಷ ಅಂತ ಲೆಕ್ಕ ಹಾಕಿದ್ದೆ. ತುಂಬುವವರು ಮನುಷ್ಯರು, ಎದ್ದು ಹೋಗುತ್ತಾರೆ, ಕಾಫಿ ಕುಡಿಯುತ್ತಾರೆ, ಗಡಿಯಾರ ನೋಡುತ್ತಾರೆ ಅನ್ನುವುದು ನನಗೆ ಹೊಳೆಯಲಿಲ್ಲ.

ಇನ್ನೊಂದು ಮೆಸೇಜಿನದು. ಸಾವಿನ ಕರೆ ಬರೆದುಕೊಳ್ಳುವುದು, ಗಾಡಿಯನ್ನು ಆ ಕರೆಗೆ ಕೊಡುವುದು, ಕಮಿಟ್ ಮಾಡುವುದು, ಆಮೇಲೆ ಮನೆಯವರಿಗೆ ಮೆಸೇಜು. ಮೊದಲು ಹೀಗೇ ಬರೆದಿದ್ದೆ, ಸರಿಯಾಗಿಯೇ ಇತ್ತು. ಮೆಸೇಜು ತಡವಾಗಿ ಹೋಗುತ್ತದೆ, ದುಃಖದಲ್ಲಿರುವವರನ್ನು ಯಾಕೆ ಕಾಯಿಸುತ್ತೀರಿ ಅಂತ ಕಾರ್ಯದರ್ಶಿ ಗೊಣಗಿದರು. ಅಷ್ಟಕ್ಕೇ ನನಗೆ ಸಿಟ್ಟು ಬಂತು. ಆ ಒಂದು ಸಾಲನ್ನು ಎತ್ತಿ ಎರಡು ಸಾಲು ಮೇಲಕ್ಕೆ ಇಟ್ಟೆ, ತಗೊಳ್ಳಿ ಅಂದೆ. ಕರೆ ಬರೆದುಕೊಂಡ ತಕ್ಷಣ ಮೆಸೇಜು ಹೋಗತೊಡಗಿತು. ಗಾಡಿ ಸಿಕ್ಕಿದೆಯೋ ಇಲ್ಲವೋ ನೋಡುವ ಮೊದಲೇ. ಮೆಸೇಜಿನ ಒಕ್ಕಣೆಯೂ ನನ್ನದೇ: ‘ವಾಹನ ಹೊರಟಿದೆ. ದಯವಿಟ್ಟು ಕಾಯಿರಿ.’ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಟೈಪಿಂಗ್ ಕಲಿಯುವವರ ಕೈಯಲ್ಲಿ ಸಾವಿರ ಸಲ ಟೈಪ್ ಮಾಡಿಸಿದ್ದೆ. ನನ್ನ ತಲೆಗೆ ಮಾತ್ರ ಹತ್ತಲಿಲ್ಲ.

ಆವತ್ತು ಶುಕ್ರವಾರ. ಮುಂದೆ ಹೇಳುವುದನ್ನೆಲ್ಲ ನಾನು ಕಣ್ಣಾರೆ ಕಂಡಿಲ್ಲ, ಒಬ್ಬೊಬ್ಬರಿಂದ ಕೇಳಿ ಜೋಡಿಸಿಕೊಂಡದ್ದು.

ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಕಡೆಗೆ ಹೋಗುವ ರಸ್ತೆಯ ಒಂದು ಹಳ್ಳಿ. ಬೆಳಿಗ್ಗೆ ಆರರ ಸುಮಾರಿಗೆ ಆ ಹೆಂಗಸಿನ ಗಂಡ ತೀರಿಕೊಂಡರು. ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು, ಅರವತ್ತೈದರ ಆಸುಪಾಸು. ಎಂದೋ ಒಂದು ಕ್ಯಾಂಪಿನಲ್ಲಿ ಕಣ್ಣು ಬರೆದುಕೊಟ್ಟಿದ್ದರು, ಆ ಚೀಟಿ ಅವರ ಪರ್ಸಿನಲ್ಲೇ ಇತ್ತು. ಹೆಂಡತಿ ಚೀಟಿ ಹಿಡಿದುಕೊಂಡು ನಿಂತರು. ಮನೆಯ ಹಿರಿಯರು ಒಪ್ಪಲಿಲ್ಲ. ಅವರಲ್ಲಿ ಹೂಳುವುದು ಪದ್ಧತಿ. ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ದೃಷ್ಟಿ ಅದರ ಕಡೆ ಇರುವ ಹಾಗೆ ಮಾಡಿ ಸಮಾಧಿ ಮಾಡುತ್ತಾರೆ. ಕಣ್ಣೇ ಇಲ್ಲದವನು ಲಿಂಗ ನೋಡುವುದು ಹೇಗೆ ಅಂತ ಗಂಡನ ಅಣ್ಣ ಕೇಳಿದರಂತೆ. ಹುಟ್ಟುಕುರುಡರು ಲಿಂಗಪೂಜೆ ಮಾಡುವುದಿಲ್ಲವಾ ಅಂತ ಈಕೆ ತಿರುಗಿ ಕೇಳಿದರಂತೆ. ಆ ಮನೆಯಲ್ಲಿ ಭಾವನಿಗೆ ಎದುರು ಮಾತಾಡಿದ್ದು ಅವರು ಅದೇ ಮೊದಲು. ವಾದ ಹತ್ತೂವರೆಯವರೆಗೂ ನಡೆಯಿತು. ಕೊನೆಗೆ ಈಕೆಯೇ ಮೆಡಿಕಲ್ ಶಾಪಿಗೆ ಫೋನ್ ಮಾಡಿಸಿದರು.

ಅಂಗಡಿಯವರು ನನ್ನ ಪೇಜು ತೆರೆದು ಕರೆ ದಾಖಲು ಮಾಡಿದರು. ಮನೆಯವರ ಮೊಬೈಲಿಗೆ ಮೆಸೇಜು ಹೋಯಿತು. ಮುಂದೆ ಗಾಡಿಯ ಫಾರ್ಮು ತೆರೆಯುವಾಗ ಮಾತ್ರ ಅಂಗಡಿಯ ಕಂಪ್ಯೂಟರಿನಲ್ಲಿ ಚಕ್ರ ಸುತ್ತುತ್ತಲೇ ಇತ್ತು, ಆಮೇಲೆ ಪೇಜು ಬೆಳ್ಳಗಾಯಿತು. ಅವರಿಗೆ ಅನುಮಾನ ಬಂದು ಹಳ್ಳಿಗೆ ಫೋನ್ ಮಾಡಿ, ಮೆಸೇಜ್ ಬಂತಾ ಅಂತ ಕೇಳಿದರು. ಬಂತು, ಗಾಡಿ ಹೊರಟಿದೆಯಂತೆ ಅಂದರು. ಹಾಗಾದರೆ ಸರಿ ಅಂತ ಅವರು ಗಿರಾಕಿಯ ಕಡೆ ತಿರುಗಿದರು. ನಾನಾಗಿದ್ದರೂ ಅಷ್ಟೇ ಮಾಡುತ್ತಿದ್ದೆ.

ಆಕೆ ಆ ಮೊಬೈಲನ್ನು ಅಂಗಳದಲ್ಲಿ ಎಲ್ಲರ ಮುಂದೆ ಹಿಡಿದು ತೋರಿಸಿದರಂತೆ. ಗಾಡಿ ಹೊರಟಾಗಿದೆ, ಇನ್ನು ಯಾರೂ ಮಾತಾಡಬೇಡಿ ಅಂದರಂತೆ. ಕಡೂರಿನಿಂದ ಬೀರೂರು ಹಾದು ಬರಲು ಒಂದು ಗಂಟೆ ಬೇಕು. ಹನ್ನೆರಡರೊಳಗೆ ಬಂದರೂ ಸಾಕಿತ್ತು. ಹನ್ನೆರಡಾಯಿತು. ಆಕೆ ರಸ್ತೆಯ ಹತ್ತಿರ ಹೋಗಿ ನಿಂತರು. ಗಂಡ ಒಳಗೆ ಹೆಣವಾಗಿ ಕೂತಿರುವಾಗ ಹೆಂಡತಿ ರಸ್ತೆಯಲ್ಲಿ ನಿಂತಿದ್ದಾಳೆ ಅಂತ ನೆರೆಯವರು ಆಡಿಕೊಂಡರು. ಹನ್ನೆರಡೂವರೆಗೆ ಮೆಡಿಕಲ್ ಶಾಪಿನವರು ನನ್ನ ನಿಯಮ ಮುರಿದು ಡ್ರೈವರಿಗೆ ಫೋನ್ ಮಾಡಿದರು. ಡ್ರೈವರು ಕಡೂರಿನಲ್ಲೇ ಇದ್ದರು. ಬೆಳಿಗ್ಗೆಯಿಂದ ಯಾವ ಕರೆಯೂ ಬಂದಿಲ್ಲವಲ್ಲ ಅಂದರು. ಹೊತ್ತು ಮೀರಿದೆ, ಇನ್ನು ಹೋಗಿ ಪ್ರಯೋಜನವಿಲ್ಲ ಅಂತ ನರ್ಸು ಹೇಳಿದರು. ಅಂಗಡಿಯವರಿಗೆ ಏನು ಹೇಳಬೇಕೋ ತಿಳಿಯದೆ, ದಾರಿಯಲ್ಲಿ ಏನೋ ಆಗಿರಬೇಕು, ಗಾಡಿ ಬರುವುದಿಲ್ಲ ಅಂತ ಹಳ್ಳಿಗೆ ತಿಳಿಸಿದರು. ಅಣ್ಣ ಎದ್ದು ನಿಂತು, ಶಿವನೇ ತಡೆದ, ಎತ್ತಿ ಅಂದರಂತೆ. ಎತ್ತಿದರು. ಕಣ್ಣಿನ ಸಮೇತ ಮಣ್ಣಾಯಿತು.

ನಾಲ್ಕನೇ ದಿನ, ಸೋಮವಾರ, ಮೆಡಿಕಲ್ ಶಾಪಿನವರು ನನಗೆ ಫೋನ್ ಮಾಡಿದರು. ನಾನು ಡೇಟಾಬೇಸು ತೆರೆದು ನೋಡಿದೆ. ಶುಕ್ರವಾರ ತರೀಕೆರೆಯಿಂದ ಕರೆಯೇ ಇಲ್ಲ. ನನ್ನ ಲೆಕ್ಕದಲ್ಲಿ ಆ ಮನೆಯಲ್ಲಿ ಯಾರೂ ಸತ್ತೇ ಇಲ್ಲ. ನೀವು ಎಂಟ್ರಿನೇ ಮಾಡಿಲ್ಲ, ಅಂಗಡಿಯ ಗಡಿಬಿಡಿಯಲ್ಲಿ ಮರೆತು ಈಗ ನನ್ನ ಮೇಲೆ ಹಾಕುತ್ತಿದ್ದೀರಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಅವರು ತಿರುಗಿ ಬೈಯಲಿಲ್ಲ. ಫೋನ್ ಇಟ್ಟು, ಹಳ್ಳಿಯವರಿಂದ ಆ ಮೆಸೇಜಿನ ಫೋಟೋ ತರಿಸಿಕೊಂಡು ನನಗೆ ಕಳಿಸಿದರು. ನನ್ನ ಒಕ್ಕಣೆ. ವಾಹನ ಹೊರಟಿದೆ. ದಯವಿಟ್ಟು ಕಾಯಿರಿ.

ಮತ್ತೆ ದಾಖಲೆ ತೆಗೆದೆ. ಪ್ರತಿ ಕರೆಗೂ ಒಂದು ನಂಬರು ಬೀಳುತ್ತದೆ, ಒಂದರ ಹಿಂದೆ ಒಂದು. ನಾನೂರ ಹನ್ನೆರಡು ಇತ್ತು. ಅದಾದ ಮೇಲೆ ನಾನೂರ ಹದಿನಾಲ್ಕು. ನಡುವಿನದು ಇರಲಿಲ್ಲ. ರೋಲ್‌ಬ್ಯಾಕ್ ಆದಾಗ ಡೇಟಾಬೇಸು ಎಲ್ಲವನ್ನೂ ಅಳಿಸುತ್ತದೆ, ಆದರೆ ಒಮ್ಮೆ ಕೊಟ್ಟ ನಂಬರನ್ನು ಮತ್ತೊಬ್ಬರಿಗೆ ಕೊಡುವುದಿಲ್ಲ. ಆ ಜಾಗ ಖಾಲಿ ಉಳಿಯುತ್ತದೆ. ಸರ್ವರಿನ ಲಾಗ್, ಅಂದರೆ ಅದು ತಾನೇ ಬರೆದಿಡುವ ದಿನಚರಿ, ತೆಗೆದರೆ ಅಲ್ಲಿ ಒಂದೇ ಸಾಲು: ಗಾಡಿಯ ದಾಖಲೆಗೆ ಬೀಗ ಬಿದ್ದಿದೆ, ಒಂದು ನಿಮಿಷದ ಹತ್ತಿರ ಕಾಯ್ದು ಸಾಕಾಗಿ ಟ್ರಾನ್ಸಾಕ್ಷನ್ ಕೈಬಿಟ್ಟಿದ್ದೇನೆ. ಬೀಗ ಹಾಕಿದ್ದು ಅಜ್ಜಂಪುರದಿಂದ. ಹತ್ತೂವರೆಗೆ ಮೊದಲು ಹಾಕಿದ್ದು, ತೆಗೆದದ್ದು ಹನ್ನೆರಡು ದಾಟಿದ ಮೇಲೆ.

ಮಾರನೇ ದಿನ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದೆ. ಮೇಷ್ಟ್ರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ನನ್ನನ್ನು ಕಂಡು ಖುಷಿಯಾಗಿ, ಮುಂದಿನ ವಾರ ತಮ್ಮ ಊರಿನಲ್ಲಿ ಮೊದಲನೇ ಕಣ್ಣಿನ ಕ್ಯಾಂಪು, ಅದಕ್ಕೆ ಗಾಡಿ ಗೊತ್ತು ಮಾಡಿದ್ದೇನೆ ಅಂದರು. ಶುಕ್ರವಾರ ಫಾರ್ಮು ತುಂಬುವಾಗ ಏನಾದರೂ ತೊಂದರೆ ಆಯಿತಾ ಅಂತ ಕೇಳಿದೆ.

“ಎಂಥದ್ದೂ ಇಲ್ಲ ಕಣಮ್ಮ. ಎಲ್ಲಾ ತುಂಬಿ ಗಡಿಯಾರ ನೋಡ್ತೀನಿ, ರಾಹುಕಾಲ ಶುರುವಾಗಿತ್ತು. ಮೊದಲ್ನೇ ಕ್ಯಾಂಪು, ಒಳ್ಳೇ ಕೆಲಸ. ಹನ್ನೆರಡು ಕಳೀಲಿ ಅಂತ ಸ್ಕ್ರೀನ್ ಹಂಗೇ ಬಿಟ್ಟು ಕೂತಿದ್ದೆ. ಆಮೇಲೆ ಒತ್ತಿದೆ, ತಕ್ಷಣ ಹೋಯ್ತು.”

ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ನಮ್ಮ ಮನೆಯ ಕ್ಯಾಲೆಂಡರಿನಲ್ಲೂ ಅಚ್ಚಾಗಿದೆ. ನಾನೇ ಆ ಹೊತ್ತಿನಲ್ಲಿ ಹೊಸ ಸೀರೆ ಉಡುವುದಿಲ್ಲ, ಹೊಸ ಮೆಷಿನ್ ಆನ್ ಮಾಡುವುದಿಲ್ಲ. ಈ ಸೀಮೆಯಲ್ಲೇ ಹುಟ್ಟಿ, ಇಲ್ಲೇ ಬೆಳೆದು, ಇಲ್ಲಿಯವರು ಬಟನ್ ಒತ್ತುವ ಮೊದಲು ಗಡಿಯಾರ ನೋಡುತ್ತಾರೆ ಅನ್ನುವುದು ನನಗೆ ತಿಳಿಯದೆ ಹೋಯಿತಲ್ಲ. ಮೇಷ್ಟ್ರಿಗೆ ನಾನು ಏನೂ ಹೇಳಲಿಲ್ಲ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅವರು ಕೊಟ್ಟ ಚಕ್ಕುಲಿ ತಿಂದು, ಕ್ಯಾಂಪು ಚೆನ್ನಾಗಿ ಆಗಲಿ ಅಂತ ಹೇಳಿ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತೆ.

ತಪ್ಪು ಸರಿಮಾಡಲು ಒಂದು ಮಧ್ಯಾಹ್ನ ಸಾಕಾಯಿತು. ‘ಒಪ್ಪಿಗೆ’ ಒತ್ತಿದ ಮೇಲೆ ಮಾತ್ರ ಟ್ರಾನ್ಸಾಕ್ಷನ್ ಶುರು, ಕ್ಷಣದಲ್ಲಿ ಮುಗಿಯಬೇಕು. ಕಮಿಟ್ ಆದ ಮೇಲೆ ಮಾತ್ರ ಮೆಸೇಜು. ಆಗದಿದ್ದರೆ ಸ್ಕ್ರೀನು ತುಂಬ ಕೆಂಪಗೆ, ಗಾಡಿ ಸಿಕ್ಕಿಲ್ಲ, ಡ್ರೈವರಿಗೆ ಫೋನ್ ಮಾಡಿ ಅಂತ ಬರಬೇಕು. ಮೆಸೇಜಿನ ಸಾಲನ್ನು ಮೊದಲಿದ್ದ ಜಾಗಕ್ಕೇ ಇಳಿಸಿದೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಕಾರ್ಯದರ್ಶಿಗೆ ಎಲ್ಲ ಹೇಳಿದೆ. ಅವರ ಮುಖ ಸಣ್ಣದಾಯಿತು. ಆ ಮನೆಗೆ ಹೋಗಿ ಹೇಳಬೇಕು ಅಂದೆ.

“ಸತ್ತೋರ ಮನೆಗೆ ಹೋಗಿ ಸಾಫ್ಟ್‌ವೇರ್ ಪಾಠ ಮಾಡ್ತೀರಾ ಮೇಡಂ? ಅವರು ದೇವ್ರ ಇಚ್ಛೆ ಅಂತ ಸಮಾಧಾನ ಮಾಡ್ಕಂಡವ್ರೆ. ಬಿಡಿ ಅತ್ಲಾಗೆ.”

ಅವರ ಮಾತು ಕೇಳಿದೆ ಅಂತ ಹೇಳಿದರೆ ತಪ್ಪು ಅವರ ಮೇಲೆ ಹಾಕಿದ ಹಾಗಾಗುತ್ತದೆ. ಯಾರ ಮಾತನ್ನೂ ಕೇಳದ ನಾನು ಅದೊಂದನ್ನು ಯಾಕೆ ಕೇಳಿದೆ? ಹೆದರಿಕೆ. ಬೇರೆ ಏನೂ ಅಲ್ಲ.

ಆಮೇಲೆ ಶುರುವಾದದ್ದನ್ನು ಹೇಗೆ ಹೇಳಲಿ. ನಾನು ದೆವ್ವ ಭೂತ ನಂಬುವವಳಲ್ಲ. ಆದರೆ ಯಾವ ಪಟ್ಟಿ ತೆಗೆದರೂ ನನ್ನ ಕಣ್ಣು ಅದರಲ್ಲಿ ಇಲ್ಲದ ನಂಬರಿನ ಮೇಲೆ ಹೋಗಿ ನಿಲ್ಲುತ್ತಿತ್ತು. ಕಲ್ಯಾಣ ಮಂಟಪದ ಬುಕಿಂಗಿನಲ್ಲಿ, ಶಾಲೆಯ ಹಾಜರಿಯಲ್ಲಿ, ಎಲ್ಲ ಕಡೆಯೂ ನಡುನಡುವೆ ನಂಬರು ಹಾರಿರುತ್ತವೆ, ಅದು ಸಹಜ. ಮೊದಲು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಈಗ ಪ್ರತಿಯೊಂದು ಖಾಲಿ ಜಾಗದಲ್ಲೂ ಯಾರೋ ಕೂತಿದ್ದಾರೆ ಅನ್ನಿಸುತ್ತಿತ್ತು, ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗೈ ಮುಂದೆ ಚಾಚಿಕೊಂಡು. ನಾನು ಅವರ ಮುಖ ಕಂಡವಳಲ್ಲ. ಆದರೂ ಕೂತಿರುವುದು ಕಾಣುತ್ತಿತ್ತು. ಬೀರೂರಿನ ಹತ್ತಿರ ಬಸ್ಸು ನಿಂತಾಗ ಎದುರಿಗೆ ನಮ್ಮ ಗಾಡಿಯಂಥ ಬಿಳಿ ವ್ಯಾನು ಬಂದರೆ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದೆ. ಇದೇ ಇರಬಹುದಾ, ಆವತ್ತು ಹೊರಟದ್ದು ಈಗ ತಲುಪುತ್ತಿದೆಯಾ ಅಂತ ಒಂದು ಕ್ಷಣ ನಿಜವಾಗಿಯೂ ಅನ್ನಿಸುತ್ತಿತ್ತು. ಇಲ್ಲದ ಗಾಡಿಯನ್ನು ಹೊರಡಿಸಿದವಳು ನಾನು. ಅದು ನನ್ನನ್ನು ಬಿಟ್ಟು ಬೇರೆ ಯಾರನ್ನು ಕಾಡಬೇಕು?

ಒಂದು ದಿನ ಆ ನಂಬರಿಗೆ ನಾನೇ ಕೈಯಾರೆ ದಾಖಲೆ ಬರೆಯಲು ಕೂತೆ. ಮೆಡಿಕಲ್ ಶಾಪಿನವರಿಂದ ತಿಳಿದಷ್ಟನ್ನು ತುಂಬಿದೆ. ಸತ್ತವರ ಹೆಸರು, ಊರು, ವಯಸ್ಸು, ಸತ್ತ ಹೊತ್ತು. ‘ಗಾಡಿ ಹೊರಟ ಸಮಯ’ ಅನ್ನುವ ಖಾನೆಗೆ ಬಂದಾಗ ಕೈ ನಿಂತುಹೋಯಿತು. ಅದು ಖಾಲಿ ಇದ್ದರೆ ದಾಖಲೆ ಸೇರುವುದಿಲ್ಲ, ಹಾಗೆ ನಿಯಮ ಮಾಡಿದವಳೂ ನಾನೇ. ಸುಳ್ಳು ಸಮಯ ಹಾಕಲು ಮನಸ್ಸು ಬರಲಿಲ್ಲ. ರೋಲ್‌ಬ್ಯಾಕ್ ಅಂತ ಟೈಪ್ ಮಾಡಿದೆ. ಎರಡನೇ ಸಲ ಆ ಮನುಷ್ಯನನ್ನು ಅಳಿಸಿದೆ.

ಎರಡು ಸಲ ತರೀಕೆರೆಗೆ ಹೋಗಿ ಬಸ್ ಇಳಿದು, ಹಳ್ಳಿಯ ಬಸ್ಸು ಹತ್ತದೆ ವಾಪಸ್ ಬಂದೆ. ಮನೆಯಲ್ಲಿ ಯಾರಾದರೂ ಕಣ್ಣು ಅಂದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಮೂರನೇ ಸಲ ಮೆಡಿಕಲ್ ಶಾಪಿಗೆ ಹೋದೆ, ಅಂದು ಬೈದದ್ದಕ್ಕೆ ಅವರ ಕ್ಷಮೆಯನ್ನಾದರೂ ಕೇಳೋಣ ಅಂತ. ಅವರು ನಕ್ಕು, ನೀವು ಬೈಯದ ದಿನವೇ ನಮಗೆ ಚಿಂತೆಯಾಗೋದು ಅಂದರು. ಆಮೇಲೆ ದನಿ ತಗ್ಗಿಸಿ ಆ ಹೆಂಗಸಿನ ವಿಷಯ ತೆಗೆದರು. ತಿಂಗಳಿಗೊಮ್ಮೆ ಕೇಳುವ ಆ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಆಗಲೇ. ಇನ್ನೊಂದೂ ಹೇಳಿದರು. ಶಿವನೇ ತಡೆದ ಅಂತ ಊರೆಲ್ಲ ಅನ್ನುತ್ತಿದೆಯಂತೆ. ಗಂಡನ ಕಣ್ಣು ಕೀಳಿಸಲು ಹೊರಟವಳು ಅಂತ ಹೆಂಗಸರು ಎದುರಿಗೇ ಅನ್ನುತ್ತಾರಂತೆ. ಗಂಡ ಕೇಳಿಕೊಂಡ ಒಂದೇ ಒಂದು ಮಾತನ್ನು ನಡೆಸಲು ಹೋದರೆ ಅದನ್ನೂ ತಡೆದನಲ್ಲ ಅಂತ ಆಕೆ ಶಿವನ ಮೇಲೇ ಮುನಿಸಿಕೊಂಡು ಪೂಜೆ ಬಿಟ್ಟಿದ್ದಾರಂತೆ. ಕೊರಳಲ್ಲಿ ಲಿಂಗದ ಕರಡಿಗೆ ಇದೆ. ಬಿಚ್ಚಿ ಅಂಗೈ ಮೇಲೆ ಇಟ್ಟುಕೊಂಡು ಹನ್ನೊಂದು ತಿಂಗಳಾಯಿತಂತೆ.

ಕೇಳಿ ನಾನು ಅಲ್ಲಿ ಕೂರಲಿಲ್ಲ. ಆ ಹಳ್ಳಿಯ ಕಡೆಗೆ ಮೊದಲು ಸಿಕ್ಕ ಬಸ್ಸು ಹತ್ತಿದೆ.

ಮನೆ ಸುಲಭವಾಗಿ ಸಿಕ್ಕಿತು. ತಾರಸಿ ಮನೆ, ಮುಂದೆ ತಗಡಿನ ಶೀಟು, ಅದರಡಿ ಬಿಚ್ಚಿಟ್ಟ ಒಂದು ಟ್ರ್ಯಾಕ್ಟರ್ ಎಂಜಿನ್ನು ಹಾಗೇ ಇತ್ತು. ಆಕೆ ಹೊಸ್ತಿಲ ಹತ್ತಿರ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕುಳ್ಳಗಿನ, ಗಟ್ಟಿ ಮೈಯ ಹೆಂಗಸು. ಶೀಟಿನಡಿ ಕುರ್ಚಿಯಲ್ಲಿ ಕೂತಿದ್ದವರು ಗಂಡನ ಅಣ್ಣ ಅಂತ ತಾನೇ ತಿಳಿಯಿತು. ನಾನು ಯಾರು ಅಂತ ಹೇಳಿದೆ. ನೀರು ಕೊಟ್ಟರು. ಕುಡಿಯಲಿಲ್ಲ, ಕುಡಿದರೆ ಧೈರ್ಯ ಹೋದೀತು ಅಂತ ನೇರ ವಿಷಯಕ್ಕೆ ಬಂದೆ.

“ಗಾಡಿ ಎಲ್ಲೂ ನಿಲ್ಲಲಿಲ್ಲಮ್ಮ. ಅದು ಹೊರಟೇ ಇರಲಿಲ್ಲ.”

ಆಕೆಯ ಕೈ ನಿಂತಿತು. ಹೊರಟಿದೆ ಅಂತ ಬಂದಿತ್ತಲ್ಲ ಅಂದರು. ಆ ಮೆಸೇಜು ಬರೆದವಳು ನಾನೇ, ಗಾಡಿ ಸಿಗುವ ಮೊದಲೇ ಅದು ಹೋಗುವ ಹಾಗೆ ಮಾಡಿಟ್ಟವಳೂ ನಾನೇ ಅಂದೆ. ಮದುವೆಯ ಉದಾಹರಣೆ ಕೊಟ್ಟು ಎಲ್ಲ ಬಿಡಿಸಿ ಹೇಳಿದೆ. ಗಂಟು ಬೀಳುವ ಮೊದಲೇ ಮದುವೆ ಆಯಿತು ಅಂತ ಊರಿಗೆಲ್ಲ ಸಾರಿದೆ, ಆಮೇಲೆ ಮದುವೆ ಮುರಿಯಿತು, ಸಾರಿದ್ದು ಮಾತ್ರ ಉಳಿಯಿತು ಅಂದೆ. ಗಾಡಿಗೆ ಬೀಗ ಬಿದ್ದಿತ್ತು, ಬೀಗದ ಏರ್ಪಾಡೂ ನನ್ನದೇ ಅಂದೆ. ಮೇಷ್ಟ್ರ ಮಾತಾಗಲಿ, ರಾಹುಕಾಲದ ಮಾತಾಗಲಿ ಎತ್ತಲಿಲ್ಲ. ಅದು ಅವರ ತಪ್ಪಲ್ಲ. ರಾಹುಕಾಲ ನೋಡುವುದಕ್ಕೆ ಅವರಿಗೆ ಹಕ್ಕಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದವಳು ನಾನು.

ಕುರ್ಚಿಯಲ್ಲಿದ್ದ ಹಿರಿಯರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಎದ್ದು, ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು, ಬರಿಗಾಲಲ್ಲಿ ರಸ್ತೆಯ ಕಡೆ ನಡೆದುಹೋದರು.

ಆಕೆ ಅವರು ಹೋಗುವುದನ್ನು ನೋಡುತ್ತಿದ್ದರು.

“ಹಂಗಾದ್ರೆ ಶಿವ ತಡೀಲಿಲ್ಲ ಅನ್ನು.”

“ಇಲ್ಲಮ್ಮ. ತಡೆದಿದ್ದು ನಾನು.”

ಆಕೆ ಸೆರಗಿನ ಮೇಲಿಂದಲೇ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಅವನು ಮಾಡ್ದೇ ಇರೋದಕ್ಕೆ ಹನ್ನೊಂದ್ ತಿಂಗ್ಳು ಅವನ ಮಖ ನೋಡ್ಲಿಲ್ವಲ್ಲ ನಾನು. ಅವರು ಹೋದ್ರು. ಇವನನ್ನೂ ದೂರ ಮಾಡ್ಕಂಡು ಒಬ್ಳೇ ಕೂತಿದ್ನಲ್ಲವ್ವಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಗುಳ ನನಗೆ ಹೊಸದಲ್ಲ, ಅದಕ್ಕೆ ಸಿದ್ಧವಾಗಿಯೇ ಹೋಗಿದ್ದೆ.

ಆಕೆ ಮೊರದಲ್ಲಿ ಉಳಿದ ಕಾಯಿಗಳಲ್ಲಿ ಮೂರ್ನಾಲ್ಕು ಸುಲಿದರು. ಆಮೇಲೆ ತಲೆಯೆತ್ತದೆ, ಇದೆಲ್ಲ ನಿನಗೆ ಗೊತ್ತಾಗಿದ್ದು ಯಾವಾಗ ಅಂತ ಕೇಳಿದರು. ಮೊನ್ನೆ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಹೇಳಿದ್ದರೆ ಆಕೆ ನಂಬುತ್ತಿದ್ದರು, ಮೆಡಿಕಲ್ ಶಾಪಿನವರೂ ನಂಬುತ್ತಿದ್ದರು, ಕಾಲ ಕಳೆದರೆ ನಾನೂ ನಂಬಿಬಿಡುತ್ತಿದ್ದೆನೋ ಏನೋ.

“ನಾಲ್ಕನೇ ದಿನ” ಅಂದೆ.

ಆಕೆ ತಲೆಯೆತ್ತಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಚೆನ್ನಾಗಿತ್ತು.

“ನಾಲ್ಕನೇ ದಿನ ನಾನು ಈ ಹೊಸ್ತಿಲಲ್ಲೇ ಕೂತಿದ್ದೆ ಕಣವ್ವ” ಅಂದರು. “ಬಂದಿದ್ರೆ ಸಿಗ್ತಿದ್ದೆ.”